ಓದುಗರ ಪ್ರಶ್ನೆ: ಹಳೇ ಟ್ರಕ್ಕಿಗೆ ಎಲೆಕ್ಟ್ರಿಕ್ ಪಂಪೋ, ಮೆಕ್ಯಾನಿಕಲ್ ಪಂಪೋ?

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಫ್ಯೂಯಲ್ ಪಂಪಿನ ಬಗ್ಗೆ ಕೇಳಿರೋವೇ ಜಾಸ್ತಿ, ಅದಕ್ಕೆ ಎಲ್ಲಾನೂ ಒಟ್ಟಿಗೇ ತಗೊಂಡಿದೀನಿ.

ಪ್ರಶ್ನೆ: ಸರ್ ನಮಸ್ಕಾರ. ನನ್ನ ಹತ್ರ ಒಂದು ಹಳೇ ಪೆಟ್ರೋಲ್ ಟ್ರಕ್ ಇದೆ, ಆರು ಸಿಲಿಂಡರು, ಕಾರ್ಬೊರೇಟರ್ ಗಾಡಿ, ಎಂಜಿನ್ ಪಕ್ಕದಲ್ಲಿ ಕೂತಿರೋ ಮೆಕ್ಯಾನಿಕಲ್ ಪಂಪೇ ಇನ್ನೂ ಇದೆ. ಬೆಳಗ್ಗೆ ಚೆನ್ನಾಗೇ ಓಡುತ್ತೆ. ಆದ್ರೆ ಲೋಡ್ ಹಾಕ್ಕೊಂಡು ಏರು ಹತ್ತಿಸಿ, ಬಿಸಿಲಲ್ಲಿ ಹತ್ತು ನಿಮಿಷ ನಿಲ್ಲಿಸಿ ಮತ್ತೆ ಸೆಲ್ಫ್ ಹೊಡೆದ್ರೆ ಸ್ಟಾರ್ಟ್ ಆಗಲ್ಲ, ಸ್ಟಾರ್ಟ್ ಆದ್ರೂ ಸ್ವಲ್ಪ ದೂರ ಹೋಗಿ ಕೆಮ್ಮಿ ನಿಂತುಬಿಡುತ್ತೆ. ಮೆಕ್ಯಾನಿಕ್ ಇದನ್ನ ಕಿತ್ತು ಎಲೆಕ್ಟ್ರಿಕ್ ಹಾಕಿಬಿಡಿ ಅಂತಿದಾರೆ. ಸ್ನೇಹಿತರೊಬ್ರು ಕಂಪನಿ ಕೊಟ್ಟಿದ್ದನ್ನ ಮುಟ್ಟಲೇಬೇಡ ಅಂತಾರೆ. ಯಾರ ಮಾತು ಕೇಳ್ಲಿ?

ಉತ್ತರ: ಇಬ್ಬರ ಮಾತೂ ಸದ್ಯಕ್ಕೆ ಬೇಡ, ಮೊದಲು ಪಂಪ್ ನಿಜವಾಗ್ಲೂ ಕೆಟ್ಟಿದೆಯಾ ಅಂತ ನೋಡೋಣ. ನಾನಿದನ್ನ ಯಾಕಿಷ್ಟು ಒತ್ತಿ ಹೇಳ್ತೀನಿ ಅಂದ್ರೆ, ನನ್ನ ಗಾಡೀಲೇ ಒಂದ್ಸಲ ಎರಡು ಪಂಪ್ ಬದಲಾಯಿಸಿದ್ರೂ ತೊಂದರೆ ಹೋಗಿರ್ಲಿಲ್ಲ. ಕೊನೆಗೆ ಟ್ಯಾಂಕಿನ ಹತ್ರ ಒಂದು ಗೇಣುದ್ದದ ರಬ್ಬರ್ ಹೋಸ್ ಬಿಚ್ಚಿ ಕೈಯಲ್ಲಿ ಬಗ್ಗಿಸಿ ನೋಡಿದ್ರೆ, ಕ್ಲಿಪ್ ಕೂರೋ ಜಾಗದ ಪಕ್ಕದಲ್ಲೇ ಕೂದಲೆಳೆಯಷ್ಟು ಸಣ್ಣ ಬಿರುಕು. ಹೊರಗೆ ಒಂದು ಹನಿ ಪೆಟ್ರೋಲೂ ಸೋರ್ತಿರ್ಲಿಲ್ಲ, ಯಾಕಂದ್ರೆ ಆ ಭಾಗದಲ್ಲಿ ಪಂಪು ಎಳೀತಿರುತ್ತೆ, ಎಳೆಯುವಾಗ ಬಿರುಕಿಂದ ಪೆಟ್ರೋಲ್ ಹೊರಗೆ ಬರಲ್ಲ, ಗಾಳಿ ಒಳಗೆ ಹೋಗುತ್ತೆ. ಹಾಗಾಗಿ ಕೆಳಗೆ ಬಗ್ಗಿ ಎಷ್ಟು ನೋಡಿದ್ರೂ ಒದ್ದೆ ಕಾಣಲ್ಲ, ವಾಸನೆ ಬರಲ್ಲ, ಪಂಪಿನ ಮೇಲೇ ಅನುಮಾನ ಹೋಗುತ್ತೆ.

ಮೆಕ್ಯಾನಿಕಲ್ ಪಂಪ್ ಹೆಂಗೆ ಕೆಲಸ ಮಾಡುತ್ತೆ ಅಂತ ಒಂಚೂರು ಗೊತ್ತಿದ್ರೆ ಮುಂದಿನದೆಲ್ಲ ಸುಲಭ. ಕ್ಯಾಮ್‌ಶಾಫ್ಟಲ್ಲಿ (ಎಂಜಿನ್ ಒಳಗೆ ತಿರುಗೋ ದಂಡ) ಒಂದು ಉಬ್ಬು ಇರುತ್ತೆ, ಅದು ತಿರುಗಿದ ಹಾಗೆಲ್ಲ ಪಂಪಿನ ಲಿವರ್ ಒತ್ತುತ್ತೆ, ಲಿವರ್ ಡಯಾಫ್ರಾಮನ್ನ, ಅಂದ್ರೆ ಒಳಗಿರೋ ರಬ್ಬರ್ ಪೊರೆಯನ್ನ, ಕೆಳಗೆ ಎಳೆಯುತ್ತೆ, ಆಗ ಟ್ಯಾಂಕಿಂದ ಪೆಟ್ರೋಲ್ ಒಳಗೆ ಬರುತ್ತೆ. ಆಮೇಲೆ ಅದನ್ನ ಮೇಲೆ ತಳ್ಳಿ ಕಾರ್ಬೊರೇಟರಿಗೆ (ಪೆಟ್ರೋಲಿಗೆ ಗಾಳಿ ಬೆರೆಸೋ ಭಾಗ) ಕಳಿಸೋದು ಕ್ಯಾಮ್ ಅಲ್ಲ, ಡಯಾಫ್ರಾಮ್ ಕೆಳಗಿರೋ ಸ್ಪ್ರಿಂಗ್. ಅಂದ್ರೆ ಪ್ರೆಶರ್ ಎಷ್ಟಿರಬೇಕು ಅಂತ ನಿರ್ಧಾರ ಮಾಡೋದು ಆ ಸ್ಪ್ರಿಂಗೇ. ಕಾರ್ಬೊರೇಟರ್ ತುಂಬಿ, ಒಳಗೆ ಬರೋ ದಾರಿಯ ನೀಡಲ್ ಮುಚ್ಚಿದ್ರೆ ಪೆಟ್ರೋಲ್ ಹೋಗೋಕೆ ದಾರಿ ಇಲ್ಲ, ಡಯಾಫ್ರಾಮ್ ಕೆಳಗೇ ನಿಲ್ಲುತ್ತೆ, ಲಿವರ್ ಸುಮ್ನೆ ಆಡ್ತಿರುತ್ತೆ. ವೈರಿಲ್ಲ, ಫ್ಯೂಸಿಲ್ಲ, ಪ್ರೆಶರ್ ಮಿತೀಲಿಡೋ ರೆಗ್ಯುಲೇಟರಿಲ್ಲ, ಎಂಜಿನ್ ನಿಂತ ಕೂಡ್ಲೇ ಪೆಟ್ರೋಲೂ ನಿಲ್ಲುತ್ತೆ. ಇಷ್ಟು ಸರಳವಾಗಿ ಇಷ್ಟೊಂದು ಕೆಲಸ ಮಾಡೋ ಸಾಮಾನು ಗಾಡೀಲಿ ಇನ್ನೊಂದಿಲ್ಲ ಅಂತ ನನಗೆ ಇವತ್ತಿಗೂ ಅನಿಸುತ್ತೆ.

ಈಗ ನಿಮ್ಮ ಗಾಡಿ ವಿಷಯ. ನೀವು ಹೇಳ್ತಿರೋ ಲಕ್ಷಣ, ಅಂದ್ರೆ ಬಿಸಿಯಾದ ಮೇಲೆ ನಿಲ್ಲಿಸಿ ಮತ್ತೆ ಹೊರಟಾಗ ತೊಂದರೆ, ಇದು ಹೆಚ್ಚಾಗಿ ವೇಪರ್ ಲಾಕ್. ಪೆಟ್ರೋಲಿನ ಹಗುರ ಅಂಶಗಳು ಸುಮಾರು 35ರಿಂದ 40 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯೋಕೆ ಶುರುವಾಗ್ತವೆ. ಓಡುವಾಗ ಫ್ಯಾನ್ ಗಾಳಿ ಇರುತ್ತೆ, ಹೊಸ ಪೆಟ್ರೋಲ್ ಹರೀತಾ ಇರುತ್ತೆ, ನಡೆದುಹೋಗುತ್ತೆ. ನಿಲ್ಲಿಸಿದ ಮೇಲೆ ಎಂಜಿನ್ ಬಿಸಿಯೆಲ್ಲ ಬಾನೆಟ್ ಒಳಗೇ ಕೂತು ಪಂಪಿಗೂ ಪೈಪಿಗೂ ಏರುತ್ತೆ. ಅದರ ಜೊತೆ ಪಂಪ್ ಎಳೆಯೋ ಭಾಗದಲ್ಲಿ ಒತ್ತಡ ಕಮ್ಮಿ ಇರುತ್ತಲ್ಲ, ಒತ್ತಡ ಕಮ್ಮಿಯಾದ್ರೆ ಇನ್ನೂ ಬೇಗ ಕುದಿಯುತ್ತೆ. ಪಂಪಿನೊಳಗೆ ಆವಿ ತುಂಬ್ಕೊಂಡ್ರೆ ಡಯಾಫ್ರಾಮ್ ಆವಿಯನ್ನ ಹಿಗ್ಗಿಸಿ ಕುಗ್ಗಿಸಿ ಮಾಡ್ತಾ ಇರುತ್ತೆ ಅಷ್ಟೇ, ಪೆಟ್ರೋಲ್ ಮುಂದೆ ಹೋಗಲ್ಲ.

ಮುಂದಿನ ಸಲ ಗಾಡಿ ಹಂಗೆ ನಿಂತಾಗ ಮೊದಲು ಟ್ಯಾಂಕ್ ಮುಚ್ಚಳ ತೆಗೀರಿ. ಸುಸ್ ಅಂತ ಗಾಳಿ ಒಳಗೆ ಎಳ್ಕೊಂಡ್ರೆ ಮುಚ್ಚಳದ ಗಾಳಿ ತೂತು ಮುಚ್ಚಿಹೋಗಿದೆ, ಪಂಪ್ ಪಾಪ ಖಾಲಿ ಬಾಟಲಿ ಚೀಪಿದ ಹಂಗೆ ಎಳೀತಾ ಇದೆ, ಮುಚ್ಚಳ ಬದಲಾಯಿಸಿದ್ರೆ ಆಯ್ತು. ಶಬ್ದ ಇಲ್ಲ ಅಂದ್ರೆ ಒಂದು ಬಟ್ಟೆ ನೀರಲ್ಲಿ ಅದ್ದಿ ಪಂಪ್ ಮೇಲೆ ಸುತ್ತಿ, ಅದಕ್ಕೆ ಬಂದಿರೋ ಪೈಪ್ ಮೇಲೂ ಹಾಕಿ. ಬಟ್ಟೆಯಿಂದ ಹಬೆ ಏಳೋದು ಕಣ್ಣಿಗೇ ಕಾಣುತ್ತೆ. ಎರಡು ಮೂರು ಸಲ ಒದ್ದೆ ಮಾಡಿ ಹಾಕಿದ ಮೇಲೆ ಸೆಲ್ಫ್ ಹೊಡೆದ್ರೆ ಗಾಡಿ ಹಿಡ್ಕೊಂಡಿತು ಅಂದ್ರೆ ರೋಗ ಗೊತ್ತಾಯ್ತು, ಅದು ಬಿಸಿ, ಪಂಪ್ ಅಲ್ಲ.

ಇನ್ನೊಂದು ಪರೀಕ್ಷೆ ತಣ್ಣಗಿರುವಾಗ ಮಾಡಿ. ಕಾಯಿಲ್ ವೈರ್ ಬಿಚ್ಚಿ ಸ್ಪಾರ್ಕ್ ಬರದ ಹಾಗೆ ಮಾಡಿ, ಕಾರ್ಬೊರೇಟರ್ ಹತ್ರ ಪೈಪ್ ಬಿಚ್ಚಿ, ಒಂದು ಹೋಸ್ ಹಾಕಿ ಡಬ್ಬಕ್ಕೆ ಬಿಡಿ, ಒಬ್ರು ಸೆಲ್ಫ್ ಹೊಡೀಲಿ. ಪಂಪ್ ಚೆನ್ನಾಗಿದ್ರೆ ಈ ತರದ ಎಂಜಿನಲ್ಲಿ ಅರ್ಧ ನಿಮಿಷಕ್ಕೆ ಹತ್ತಿರ ಹತ್ತಿರ ಅರ್ಧ ಲೀಟರ್ ಬರಬೇಕು. ಬೆಂಕಿ ಆರಿಸೋ ಸಿಲಿಂಡರ್ ಪಕ್ಕದಲ್ಲಿಟ್ಕೊಂಡೇ ಮಾಡಿ, ದಯವಿಟ್ಟು. ಕಮ್ಮಿ ಬಂದ್ರೆ ಕೂಡ್ಲೇ ಪಂಪ್ ಬಿಚ್ಚೋಕೆ ಹೋಗಬೇಡಿ, ಟ್ಯಾಂಕ್ ಕಡೆಯಿಂದ ಬರೋ ಪೈಪ್ ಬಿಚ್ಚಿ ಒಂದು ಕ್ಯಾನಿಂದ ನೇರವಾಗಿ ಹೊಸ ಹೋಸಲ್ಲಿ ಪಂಪಿಗೆ ಕೊಟ್ಟು ಮತ್ತೆ ಅದೇ ಪರೀಕ್ಷೆ ಮಾಡಿ. ಈಗ ಧಾರಾಳವಾಗಿ ಬಂತು ಅಂದ್ರೆ ಪಂಪ್ ನಿರಪರಾಧಿ, ಹಿಂದಿನ ಹೋಸು, ತುಕ್ಕು ಹಿಡಿದ ಪೈಪು, ಇಲ್ಲಾ ಟ್ಯಾಂಕಿನೊಳಗಿರೋ ಜಾಲರಿ, ಈ ಮೂರರಲ್ಲಿ ಒಂದು. ಕ್ಯಾನಿಂದಲೂ ಬರಲಿಲ್ಲ ಅಂದ್ರೆ ಮಾತ್ರ ಪಂಪ್ ಬದಲಾಯಿಸೋ ಮಾತು.

ಬಿಸಿಯದೇ ತೊಂದರೆ ಅಂತ ಖಾತ್ರಿಯಾದ್ರೆ, ಪೈಪು ಸೈಲೆನ್ಸರ್ ಪೈಪಿನ ಪಕ್ಕ ಹಾದುಹೋಗಿದ್ರೆ ದೂರ ಸರಿಸಿ, ನಡುವೆ ಒಂದು ತಗಡಿನ ಅಡ್ಡ ಕೊಡಿ. ಮೂರು ಮೂತಿ ಇರೋ ಫ್ಯೂಯಲ್ ಫಿಲ್ಟರ್ ಸಿಗುತ್ತೆ, ಅದರ ಮೂರನೇ ಸಣ್ಣ ಮೂತಿಯಿಂದ ಒಂದು ರಿಟರ್ನ್ ಪೈಪ್ ಟ್ಯಾಂಕಿಗೆ ಎಳೆದ್ರೆ ಆವಿ ವಾಪಸ್ ಹೋಗುತ್ತೆ, ಪೆಟ್ರೋಲೂ ಸ್ವಲ್ಪ ಸ್ವಲ್ಪ ಸುತ್ತುತ್ತಾ ಇರೋದ್ರಿಂದ ಪಂಪ್ ತಣ್ಣಗಿರುತ್ತೆ. ಇಷ್ಟಾದ ಮೇಲೂ ನಿಂತ್ರೆ ನಿಮ್ಮ ಮೆಕ್ಯಾನಿಕ್ ಹೇಳಿದ್ದೇ ಸರಿ, ಎಲೆಕ್ಟ್ರಿಕ್ ಹಾಕಿ. ಅದನ್ನ ಟ್ಯಾಂಕ್ ಹತ್ರ ಕೂರಿಸಿದ್ರೆ ಪೂರ್ತಿ ಪೈಪಲ್ಲಿ ಒತ್ತಡ ಇರುತ್ತೆ, ಒತ್ತಡ ಇದ್ರೆ ಪೆಟ್ರೋಲ್ ಅಷ್ಟು ಸುಲಭಕ್ಕೆ ಕುದಿಯಲ್ಲ.

ದಿನಾ ಓಡೋ, ಕಂಪನಿ ಎಂಜಿನ್ನೇ ಇರೋ ಕಾರ್ಬೊರೇಟರ್ ಗಾಡಿಗೆ ನನ್ನ ಓಟು ಮೆಕ್ಯಾನಿಕಲ್ಲಿಗೇ. ವಾರಗಟ್ಟಲೆ ನಿಲ್ಲೋ ಗಾಡಿಗೆ ಎಲೆಕ್ಟ್ರಿಕ್ ಅನುಕೂಲ, ಕಾರ್ಬೊರೇಟರಲ್ಲಿ ಪೆಟ್ರೋಲ್ ಆರಿಹೋಗಿದ್ರೂ ಪಂಪ್ ಬಟನ್ ಒತ್ತಿ ತುಂಬಿಸ್ಕೊಂಡು ಆಮೇಲೆ ಸೆಲ್ಫ್ ಹೊಡೀಬಹುದು, ಬ್ಯಾಟರಿ ಉಳಿಯುತ್ತೆ. ಕಾರ್ಬೊರೇಟರ್ ತೆಗೆದು ಫ್ಯೂಯಲ್ ಇಂಜೆಕ್ಷನ್ ಹಾಕಿಸೋರಿಗೆ ಬೇರೆ ದಾರಿನೇ ಇಲ್ಲ, ಅದಕ್ಕೆ ಸಾಮಾನ್ಯವಾಗಿ 40ರಿಂದ 60 ಪಿಎಸ್ಐ (ಒತ್ತಡದ ಅಳತೆ) ಬೇಕು, ಮೆಕ್ಯಾನಿಕಲ್ ಪಂಪ್ ಕೊಡೋದು 4ರಿಂದ 7ರ ಆಸುಪಾಸು.

ಪ್ರಶ್ನೆ: ನಾನು ಎಲೆಕ್ಟ್ರಿಕ್ ಹಾಕೋದು ಅಂತ ತೀರ್ಮಾನ ಮಾಡ್ಬಿಟ್ಟಿದೀನಿ. ಎಂಜಿನ್ ರೂಮಲ್ಲಿ ಬ್ಯಾಟರಿ ಪಕ್ಕ ಜಾಗ ಇದೆ, ವೈರೂ ಹತ್ರ, ಅಲ್ಲೇ ಕೂರಿಸಲಾ? ಎಷ್ಟು ದೊಡ್ಡದು ತಗೊಳ್ಲಿ?

ಉತ್ತರ: ಅಲ್ಲಿ ಬೇಡ, ಖಂಡಿತ ಬೇಡ. ಈ ಸಣ್ಣ ಎಲೆಕ್ಟ್ರಿಕ್ ಪಂಪುಗಳು ತಳ್ಳೋದ್ರಲ್ಲಿ ಗಟ್ಟಿ, ಎಳೆಯೋದ್ರಲ್ಲಿ ಬಡವ. ಟ್ಯಾಂಕಿಗೆ ಎಷ್ಟು ಹತ್ರ ಆಗುತ್ತೋ ಅಷ್ಟು ಹತ್ರ, ಸಾಧ್ಯವಾದ್ರೆ ಟ್ಯಾಂಕಿನ ತಳದ ಮಟ್ಟಕ್ಕಿಂತ ಕೆಳಗೆ, ಚಾಸಿಸ್ ಒಳಬದಿಗೆ ಕೂರಿಸಿ, ಕಲ್ಲು ಬಡೀಬಾರ್ದು, ಸೈಲೆನ್ಸರ್ ಬಿಸಿ ತಾಗಬಾರ್ದು. ಅಡಿಗೆ ರಬ್ಬರ್ ಕೊಡಿ, ಇಲ್ಲಾಂದ್ರೆ ಕಟಕಟ ಶಬ್ದ ಚಾಸಿಸ್ ಹಿಡ್ಕೊಂಡು ಕ್ಯಾಬಿನ್ನಿಗೇ ಬರುತ್ತೆ. ಪಂಪಿಗಿಂತ ಮುಂಚೆ, ಅಂದ್ರೆ ಟ್ಯಾಂಕ್ ಕಡೆಗೆ, ಒಂದು ಫಿಲ್ಟರ್ ಇರಲೇಬೇಕು. ಹಳೇ ಟ್ಯಾಂಕಲ್ಲಿ ತುಕ್ಕಿನ ಪುಡಿ ಇದ್ದೇ ಇರುತ್ತೆ, ಅದರ ಮೇಲೆ ಎಥನಾಲ್ ಬೆರೆಸಿದ ಪೆಟ್ರೋಲ್ ಹಳೇ ಅಂಟನ್ನ ಕರಗಿಸಿ ತರುತ್ತೆ, ಮೊದಲ ಕೆಲವು ಟ್ಯಾಂಕ್ ಮುಗಿಯೋವರೆಗೂ ಆ ಫಿಲ್ಟರ್ ಮೇಲೆ ಕಣ್ಣಿಟ್ಟಿರಿ.

ದೊಡ್ಡದು ಅಂದ್ರೆ ಒಳ್ಳೇದು ಅನ್ನೋ ಲೆಕ್ಕ ಇಲ್ಲಿ ನಡೆಯಲ್ಲ. ಪೆಟ್ರೋಲ್ ಎಂಜಿನ್ ಪೂರ್ತಿ ದಮ್ಮಲ್ಲಿ ಎಳೆಯುವಾಗ ಒಂದು ಕುದುರೆಶಕ್ತಿಗೆ ಗಂಟೆಗೆ ಸುಮಾರು 225 ಗ್ರಾಂ ಪೆಟ್ರೋಲ್ ಬೇಕು ಅಂತ ಲೆಕ್ಕ ಇಟ್ಕೊಳ್ಳಿ. 150 ಕುದುರೆಶಕ್ತಿ ಅಂದ್ರೆ 34 ಕೆಜಿ ಹತ್ರ ಆಯ್ತು, ಲೀಟರಲ್ಲಿ 45, 46. ಅದೂ ಆಕ್ಸಿಲರೇಟರ್ ನೆಲಕ್ಕೆ ಒತ್ತಿ ಗಂಟೆಗಟ್ಟಲೆ ಓಡಿಸಿದ್ರೆ, ಅಂಥದ್ದು ಯಾರೂ ಮಾಡಲ್ಲ. ಹಾಗಾಗಿ ಗಂಟೆಗೆ 100 ಲೀಟರ್ ಕೊಡೋ ಪಂಪೇ ಧಾರಾಳ ಆಯ್ತು.

ಪ್ರಮಾಣಕ್ಕಿಂತ ಪ್ರೆಶರ್ ಮುಖ್ಯ. ಹೋಲಿ ಕಂಪನಿ ಕಾರ್ಬೊರೇಟರ್ ಆದ್ರೆ 5ರಿಂದ 7 ಪಿಎಸ್ಐ ತಡ್ಕೊಳುತ್ತೆ, ವೆಬರ್ ಆದ್ರೆ ಎರಡೂವರೆಯಿಂದ ಮೂರೂವರೆ ಸಾಕು. ಜಾಸ್ತಿ ಕೊಟ್ರೆ ಕಾರ್ಬೊರೇಟರ್ ಒಳಗೆ ತೇಲೋ ಫ್ಲೋಟ್ ನೀಡಲನ್ನ ಒತ್ತಿ ಹಿಡಿಯೋಕಾಗ್ದೆ ಪೆಟ್ರೋಲ್ ಮೇಲಿಂದ ಉಕ್ಕುತ್ತೆ, ಹೊಗೆ ಹೋಗೋ ಬಿಸಿ ಮ್ಯಾನಿಫೋಲ್ಡ್ ಮೇಲೆ ಬಿದ್ರೆ ಏನಾಗುತ್ತೆ ಅಂತ ಹೇಳ್ಬೇಕಾಗಿಲ್ಲ. ನಿಮ್ಮ ಕಾರ್ಬೊರೇಟರ್ ಪುಸ್ತಕ ನೋಡಿ ಅದಕ್ಕೆ ಹೊಂದೋ ಪಂಪೇ ತಗೊಳ್ಳಿ, ಸಿಗದಿದ್ರೆ ರೆಗ್ಯುಲೇಟರ್ ಹಾಕಿ, ಆಮೇಲೆ ಒಂದು ಗೇಜ್ ಸಿಕ್ಕಿಸಿ ಕಣ್ಣಾರೆ ನೋಡಿ. ಡಬ್ಬದ ಮೇಲೆ ಬರೆದಿರೋದನ್ನ ನಂಬಬೇಡಿ.

ಈಗ ವೈರಿಂಗ್, ನಾನು ತುಂಬಾ ಕಾಳಜಿಯಿಂದ ಹೇಳೋ ಮಾತು ಇದೇ. ಬಹಳಷ್ಟು ಗಾಡೀಲಿ ಕೀ ಸ್ವಿಚ್ಚಿಂದ ನೇರವಾಗಿ ಒಂದು ವೈರ್ ಎಳೆದು ಪಂಪಿಗೆ ಕೊಟ್ಟುಬಿಟ್ಟಿರ್ತಾರೆ. ಗಾಡಿ ಓಡುತ್ತೆ, ಏನೂ ತೊಂದರೆ ಕಾಣಲ್ಲ. ಆದ್ರೆ ಗಾಡಿ ಎಲ್ಲಾದ್ರೂ ಗುದ್ದಿತು, ಪೈಪ್ ಹರೀತು, ಎಂಜಿನ್ ನಿಂತಿತು, ಕೀ ಮಾತ್ರ ಆನಲ್ಲೇ ಇದೆ ಅಂದ್ಕೊಳ್ಳಿ, ಮೆಕ್ಯಾನಿಕಲ್ ಆಗಿದ್ರೆ ಅಲ್ಲಿಗೇ ನಿಲ್ತಿತ್ತು, ಈ ಪಂಪು ಹರಿದ ಪೈಪಿಂದ ಪೆಟ್ರೋಲ್ ಸುರೀತಾನೇ ಇರುತ್ತೆ, ಒಳಗಿರೋರು ಎಚ್ಚರ ತಪ್ಪಿದ್ರೆ ಕೀ ಆಫ್ ಮಾಡೋರು ಯಾರು? ಅದಕ್ಕೇ ಪಂಪ್ ಕರೆಂಟು ರಿಲೇ (ಕರೆಂಟಿಂದಲೇ ಆನ್ ಆಫ್ ಆಗೋ ಸ್ವಿಚ್) ಮೂಲಕ ಬರಬೇಕು, ಆ ರಿಲೇಗೆ ಆಯಿಲ್ ಪ್ರೆಶರ್ ಸ್ವಿಚ್ಚಿನ ಒಪ್ಪಿಗೆ ಬೇಕು. ಎಂಜಿನ್ ತಿರುಗ್ತಿದ್ರೆ ಆಯಿಲ್ ಪ್ರೆಶರ್ ಇರುತ್ತೆ, ಪಂಪ್ ಓಡುತ್ತೆ, ಎಂಜಿನ್ ನಿಂತ್ರೆ ಪಂಪ್ ಆಫ್. ಸೆಲ್ಫ್ ಹೊಡೆಯುವಾಗ ಮಾತ್ರ ಸ್ಟಾರ್ಟರ್ ಲೈನಿಂದ ಕರೆಂಟು ಸಿಗೋ ಹಾಗೆ ಮಾಡ್ಕೊಳ್ಳಿ. ನಿಂತ ಗಾಡೀಲಿ ಮೊದಲೇ ತುಂಬಿಸ್ಕೊಳೋಕೆ ಬೇಕಂದ್ರೆ ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಓಡೋ ಒಂದು ಪುಶ್ ಬಟನ್ ಕೊಡಿ, ಆನ್ ಆದ್ರೆ ಆನಲ್ಲೇ ಉಳಿಯೋ ಸ್ವಿಚ್ ಬೇಡ. ಇದರ ಜೊತೆ ಗುದ್ದಿದಾಗ ತಾನಾಗೇ ಕರೆಂಟ್ ಕಡಿಯೋ ಇನರ್ಷಿಯಾ ಸ್ವಿಚ್ ಹಾಕಿದ್ರೆ ಇನ್ನೂ ನೆಮ್ಮದಿ. ಫ್ಯೂಸ್ ಬ್ಯಾಟರಿ ಹತ್ರವೇ ಇರಲಿ. ಎಲ್ಲ ಮುಗಿದ ಮೇಲೆ ಕೀ ಆನ್ ಮಾಡಿ ಎಂಜಿನ್ ಸ್ಟಾರ್ಟ್ ಮಾಡ್ದೇ ಪಂಪ್ ಹತ್ರ ಕಿವಿ ಕೊಡಿ. ಶಬ್ದ ಬರ್ತಾ ಇದ್ರೆ ವೈರಿಂಗ್ ಇನ್ನೂ ಸರಿಯಾಗಿಲ್ಲ.

ತೀರಾ ಹಳೇ ಟ್ರಕ್ಕಾದ್ರೆ 6 ವೋಲ್ಟಾ 12 ವೋಲ್ಟಾ, ಚಾಸಿಸ್ಸಿಗೆ ಕೊಟ್ಟಿರೋದು ಪ್ಲಸ್ಸಾ ಮೈನಸ್ಸಾ ನೋಡಿ ಪಂಪ್ ತಗೊಳ್ಳಿ. ಅರ್ತ್ ವೈರ್ ಪೇಂಟ್ ಮೇಲೆ ಬೋಲ್ಟ್ ಮಾಡಬೇಡಿ, ಕೆರೆದು ಬರೀ ಕಬ್ಬಿಣ ಕಾಣಬೇಕು. ಹಳೇ ಪಂಪ್ ತೆಗೆದ ಜಾಗಕ್ಕೆ ಗ್ಯಾಸ್ಕೆಟ್ ಇಟ್ಟು ಪ್ಲೇಟ್ ಮುಚ್ಚಬೇಕು, ಇಲ್ಲಾಂದ್ರೆ ಎಂಜಿನ್ ಆಯಿಲ್ ಅಲ್ಲಿಂದ ಬರುತ್ತೆ. ಕೆಲವು ಎಂಜಿನಲ್ಲಿ ಕ್ಯಾಮಿಗೂ ಪಂಪಿಗೂ ನಡುವೆ ಒಂದು ಸಣ್ಣ ಪುಶ್‌ರಾಡ್ ಇರುತ್ತೆ, ಅದನ್ನೂ ಹೊರಗೆ ತೆಗೀರಿ. ತೆಗೆದ ಪಂಪನ್ನ ಎಸೀಬೇಡಿ, ಒಂದು ಬಟ್ಟೇಲಿ ಸುತ್ತಿ ಸೀಟ್ ಕೆಳಗಿಡಿ.

ಪ್ರಶ್ನೆ: ಎರಡೂ ಇಟ್ಕೊಂಡ್ರೆ ಹೆಂಗೆ? ಹಿಂದೆ ಎಲೆಕ್ಟ್ರಿಕ್, ಮುಂದೆ ಮೆಕ್ಯಾನಿಕಲ್.

ಉತ್ತರ: ಮಾಡ್ತಾರೆ, ಕೆಲಸಾನೂ ಮಾಡುತ್ತೆ, ಸ್ಟಾರ್ಟ್ ಮಾಡೋ ಮುಂಚೆ ತುಂಬಿಸೋಕೆ, ಉದ್ದ ಏರಲ್ಲಿ ಸಹಾಯಕ್ಕೆ ಅಂತ. ಎಲೆಕ್ಟ್ರಿಕ್ ಆಫ್ ಇದ್ದಾಗ ಅದರ ಮೂಲಕ ಪೆಟ್ರೋಲ್ ಹರಿಯುತ್ತಾ ಅಂತ ಮೊದಲೇ ವಿಚಾರಿಸಿ, ಕೆಲವು ಪಂಪಲ್ಲಿ ಹರಿಯಲ್ಲ, ಅಂಥದಕ್ಕೆ ಪಕ್ಕದಲ್ಲಿ ಒಂದು ಬೈಪಾಸ್ ಪೈಪು, ಅದರಲ್ಲಿ ಒಮ್ಮುಖ ವಾಲ್ವ್ ಬೇಕಾಗುತ್ತೆ.

ನನ್ನ ಮನಸ್ಸಿಗೆ ಒಪ್ಪದ ವಿಷಯ ಇನ್ನೊಂದಿದೆ. ಮುಂದಿರೋ ಮೆಕ್ಯಾನಿಕಲ್ ಪಂಪಿನ ಡಯಾಫ್ರಾಮ್ ಹರಿದ್ರೆ, ಹಿಂದಿನದು ತಳ್ತಾ ಇರೋ ಪೆಟ್ರೋಲ್ ಆ ಹರಕಿನಿಂದ ಹೊರಗೆ ಸೋರಬಹುದು, ಇಲ್ಲಾ ನೇರವಾಗಿ ಎಂಜಿನ್ ಆಯಿಲ್ ಒಳಗೇ ಇಳೀಬಹುದು, ಎರಡೂ ಅಪಾಯ. ಹಂಗಾಗಿ ಎರಡೂ ಇಡೋದಾದ್ರೆ ಎಲೆಕ್ಟ್ರಿಕ್ಕನ್ನ ಬೇಕಾದಾಗ ಮಾತ್ರ ಬಟನ್ ಒತ್ತಿ ಓಡಿಸಿ, ಮೆಕ್ಯಾನಿಕಲ್ಲಿಗೆ ಎಥನಾಲ್ ತಡೆಯೋ ಹೊಸ ಡಯಾಫ್ರಾಮ್ ಹಾಕಿರಿ.

ಪ್ರಶ್ನೆ: ಆಯಿಲ್ ಕಡ್ಡಿ ತೆಗೆದ್ರೆ ಪೆಟ್ರೋಲ್ ವಾಸನೆ, ಆಯಿಲ್ ಮಟ್ಟ ಕಮ್ಮಿಯಾಗೋ ಬದ್ಲು ಏರ್ತಾ ಇದೆ. ಓಡಿಸ್ಬಹುದಾ?

ಉತ್ತರ: ಓಡಿಸಬೇಡಿ. ಡಯಾಫ್ರಾಮ್ ಹರಿದಿರೋ ಸಾಧ್ಯತೆ ಹೆಚ್ಚು, ಕಾರ್ಬೊರೇಟರ್ ನೀಡಲ್ ಮುಚ್ಚದೇ ಉಕ್ಕಿದ್ರೂ ಹಿಂಗಾಗುತ್ತೆ. ಪಂಪಿನ ಮೈಯಲ್ಲಿರೋ ಸಣ್ಣ ತೂತಲ್ಲಿ ಪೆಟ್ರೋಲ್ ಒದ್ದೆ ಕಂಡ್ರೆ ಡಯಾಫ್ರಾಮೇ. ತೆಳುವಾದ ಆಯಿಲಲ್ಲಿ ಬೇರಿಂಗ್ ತಿಂದುಹೋಗುತ್ತೆ. ಪಂಪ್ ಸರಿ ಮಾಡಿ, ಆಯಿಲೂ ಫಿಲ್ಟರೂ ಬದಲಾಯಿಸಿ ಆಮೇಲೆ ಸ್ಟಾರ್ಟ್ ಮಾಡಿ.

ಪ್ರಶ್ನೆ: ಎಲೆಕ್ಟ್ರಿಕ್ ಪಂಪ್ ಹಾಕಿಸಿದ ಮೇಲೆ ಏರು ಹತ್ತುವಾಗ ವೈಪರ್ ನಿಂತುಹೋಗುತ್ತೆ. ಪಂಪಿಗೂ ವೈಪರಿಗೂ ಏನ್ ಸಂಬಂಧ ಸರ್?

ಉತ್ತರ: ಸಂಬಂಧ ಇದೆ! ನಿಮ್ಮದು ವ್ಯಾಕ್ಯೂಮ್ ವೈಪರ್, ಅಂದ್ರೆ ಕರೆಂಟಿಂದಲ್ಲ, ಗಾಳಿ ಎಳೆತದಿಂದ ಓಡೋದು. ಆ ಕಾಲದ ಕೆಲವು ಮೆಕ್ಯಾನಿಕಲ್ ಪಂಪ್ ಎರಡಂತಸ್ತಿನದು, ಒಂದು ಅಂತಸ್ತು ಪೆಟ್ರೋಲಿಗೆ, ಇನ್ನೊಂದು ವೈಪರಿಗೆ ವ್ಯಾಕ್ಯೂಮ್ ಕೊಡೋಕೆ. ಆಕ್ಸಿಲರೇಟರ್ ಒತ್ತಿದಾಗ ಎಂಜಿನಿಗೆ ಗಾಳಿ ಹೋಗೋ ಮ್ಯಾನಿಫೋಲ್ಡಲ್ಲಿ ವ್ಯಾಕ್ಯೂಮ್ ಬಿದ್ದುಹೋಗುತ್ತೆ, ಆಗ ವೈಪರನ್ನ ಓಡಿಸ್ತಿದ್ದದ್ದು ಆ ಎರಡನೇ ಅಂತಸ್ತೇ, ಅದನ್ನ ನೀವು ಕಿತ್ತಿದೀರಿ. ಹಳೇದನ್ನ ರಿಪೇರಿ ಮಾಡಿಸಿ ವಾಪಸ್ ಹಾಕಿ, ಇಲ್ಲಾ ವೈಪರ್ ಮೋಟರನ್ನೂ ಎಲೆಕ್ಟ್ರಿಕ್ ಮಾಡಿಸಿ. ಮಳೇಲಿ ಹಂಗೇ ಓಡಿಸಬೇಡಿ.

ಪ್ರಶ್ನೆ: ನಮ್ಮದು ಹಳೇ ಡೀಸೆಲ್ ಟ್ರಕ್, ಇನ್‌ಲೈನ್ ಇಂಜೆಕ್ಷನ್ ಪಂಪ್. ಫೀಡ್ ಪಂಪ್ ತೆಗೆದು ಎಲೆಕ್ಟ್ರಿಕ್ ಹಾಕಿದ್ರೆ ಪಿಕಪ್ ಜಾಸ್ತಿ ಆಗುತ್ತಾ?

ಉತ್ತರ: ಆಗಲ್ಲ. ಫೀಡ್ ಪಂಪ್ ಕೆಲಸ ಟ್ಯಾಂಕಿಂದ ತಂದು ಇಂಜೆಕ್ಷನ್ ಪಂಪಿಗೆ ಒಪ್ಪಿಸೋದು ಅಷ್ಟೇ, ಎಷ್ಟು ಡೀಸೆಲ್ ಹೊಡೀಬೇಕು ಅನ್ನೋದು ಇಂಜೆಕ್ಷನ್ ಪಂಪ್ ನೋಡ್ಕೊಳುತ್ತೆ. ಅದಕ್ಕೆ ಬೇಕಾದಷ್ಟು ಸಿಗ್ತಾ ಇದ್ರೆ ಜಾಸ್ತಿ ಕೊಟ್ಟು ಏನೂ ಪ್ರಯೋಜನ ಇಲ್ಲ.

ಒಂದು ಉದಾಹರಣೆ ಹೇಳ್ತೀನಿ. ಅಮೆರಿಕದ ಡಾಡ್ಜ್ ರಾಮ್ ಪಿಕಪ್ಪಿನ 5.9 ಲೀಟರ್ ಕಮಿನ್ಸ್ ಎಂಜಿನಲ್ಲಿ 1998ರ ಮಧ್ಯದವರೆಗೂ ಮೆಕ್ಯಾನಿಕಲ್ ಫೀಡ್ ಪಂಪೇ ಇತ್ತು. ಆಮೇಲೆ ಬಂದ 24 ವಾಲ್ವಿನ ಎಂಜಿನಿಗೆ ಎಲೆಕ್ಟ್ರಿಕ್ ಬಂತು, ಆದ್ರೆ ಅದನ್ನ ಕೂರಿಸಿದ್ದು ಎಂಜಿನ್ ಬ್ಲಾಕಿನ ಮೇಲೆ, ಟ್ಯಾಂಕಿಂದ ದೂರ. ಅಷ್ಟು ದೂರದಿಂದ ಎಳೆದೂ ಎಳೆದೂ ಆ ಪಂಪುಗಳು ಸೋತವು, ಡೀಸೆಲಿಂದಲೇ ತಣ್ಣಗಾಗಿ ಜಾರಿಕೆ ಪಡೀತಿದ್ದ ಇಂಜೆಕ್ಷನ್ ಪಂಪೂ ಡೀಸೆಲ್ ಸಾಲದೇ ಕೆಡೋಕೆ ಶುರುವಾಯ್ತು. ಆಮೇಲಿನ ಮಾಡೆಲಲ್ಲಿ ಪಂಪ್ ಟ್ಯಾಂಕಿನೊಳಗೇ ಹೋಯ್ತು. ಮೇಲೆ ಪೆಟ್ರೋಲ್ ಗಾಡಿಯವರಿಗೆ ಬ್ಯಾಟರಿ ಪಕ್ಕ ಬೇಡ ಅಂದಿದ್ದೂ ಇದೇ ಕಾರಣಕ್ಕೆ.

ಡೀಸೆಲ್ ಪೆಟ್ರೋಲಿನ ಹಾಗೆ ಬಿಸಿಗೆ ಕುದ್ದು ಆವಿ ಕಟ್ಟಲ್ಲ, ನಿಮ್ಮ ಗಾಡಿ ಎಳೀತಿಲ್ಲ ಅಂದ್ರೆ ಅನುಮಾನ ಪಡಬೇಕಾದ್ದು ಗಾಳಿ ಮೇಲೆ, ಮುಚ್ಚಿಹೋದ ಫಿಲ್ಟರ್ ಮೇಲೆ. ಫೀಡ್ ಪಂಪಿನ ಮೇಲಿರೋ, ಕೈಯಲ್ಲಿ ಒತ್ತಿ ಡೀಸೆಲ್ ತುಂಬಿಸೋ ಹ್ಯಾಂಡ್ ಪ್ರೈಮರ್ ಸೀಲ್ ಹೋಗಿದ್ರೂ ಅಲ್ಲಿಂದ ಗಾಳಿ ಎಳ್ಕೊಳುತ್ತೆ, ಕಾಪರ್ ವಾಷರ್ ಹಳೇದೇ ಮತ್ತೆ ಹಾಕಿದ್ರೂ ಅಷ್ಟೇ. ಫೀಡ್ ಪಂಪಿಗೆ ಬರೋ ಕಡೆ ಒಂದಡಿ ಪಾರದರ್ಶಕ ಹೋಸ್ ತಾತ್ಕಾಲಿಕವಾಗಿ ಹಾಕಿ, ಎಂಜಿನ್ ಓಡಿಸಿ ನೋಡಿ. ಗುಳ್ಳೆ ಬರ್ತಾ ಇದ್ರೆ ಅಲ್ಲಿಂದ ಟ್ಯಾಂಕಿನವರೆಗೆ ಒಂದೊಂದೇ ಜಾಯಿಂಟ್ ಬಿಗಿ ಮಾಡ್ತಾ ಹೋಗಿ. ಗುಳ್ಳೆ ಇಲ್ಲದೇ ತುಂಬಿ ಹರೀತಾ ಇದ್ರೆ ಹೊಸ ಫಿಲ್ಟರ್ ಹಾಕಿ, ಹ್ಯಾಂಡ್ ಪ್ರೈಮರಲ್ಲಿ ಏರ್ ತೆಗೆದು, ಲೋಡ್ ಹಾಕಿ ಒಂದು ಏರು ಹತ್ತಿಸಿ ನೋಡಿ ಮತ್ತೆ ಬರೀರಿ.